ತಲೆಗೇ ತೊಡುವ ಮುಖ

ಶಿಕಾರಿಪುರದ ಕಡೆಯಿಂದ ಬಳ್ಳಿಗಾವೆಗೆ ಹೋದವರೆಲ್ಲ ಕೇದಾರೇಶ್ವರ ನೋಡಿ ಬರುತ್ತಾರೆ. ಗಂಡಭೇರುಂಡನ ಮುಂದೆ ನಿಲ್ಲುವವರು ಕಡಿಮೆ. 1047ರಲ್ಲಿ ಚಾಮುಂಡರಾಯರಸ ನಿಲ್ಲಿಸಿದ ಕಂಬದ ಮೂರ್ತಿ ಅದು. ಸರ್ಕಾರಿ ಕಾಗದದ ಮೇಲಿನ ಎರಡು ತಲೆಯ ಹಕ್ಕಿ ಅಲ್ಲ. ಮೈ ಪೂರಾ ಮನುಷ್ಯನದು, ಕತ್ತಿನಿಂದ ಮೇಲೆ ಮಾತ್ರ ಹಕ್ಕಿತಲೆಗಳು. ನನಗಂತೂ ಅದು ವೇಷ ಕಟ್ಟಿ ನಿಂತ ಆಟದವನ ಹಾಗೇ ಕಾಣುತ್ತದೆ.

ಗ್ರೀಕರ ಮೊಗವಾಡವೂ ಇದೇ ಜಾತಿಯದು. ಮುಖಕ್ಕೆ ಕಟ್ಟಿಕೊಳ್ಳುವ ಹಾಳೆಯಲ್ಲ, ಕೂದಲು ಸಮೇತ ಇಡೀ ತಲೆಗೆ ತೊಡುವಂಥದು. ಅಂಟು ಹಾಕಿ ಬಿರುಸು ಮಾಡಿದ ಬಟ್ಟೆ, ಹಗುರ ಮರ, ಇಂಥವುಗಳಲ್ಲಿ ಮಾಡುತ್ತಿದ್ದರಂತೆ. ರಂಗದ ಮೇಲೆ ತೊಟ್ಟದ್ದು ಒಂದೂ ಉಳಿದಿಲ್ಲ. ನಮಗೆ ತಿಳಿದಿರುವುದೆಲ್ಲ ಮಡಕೆಯ ಚಿತ್ರ, ಕಲ್ಲು-ಮಣ್ಣಿನ ಪ್ರತಿರೂಪಗಳಿಂದ. ಮುಖಕ್ಕೂ ಮೊಗವಾಡಕ್ಕೂ ಅವರು ಬಳಸುತ್ತಿದ್ದುದು ಒಂದೇ ಮಾತು: ಪ್ರೊಸೋಪಾನ್. ನಮ್ಮಲ್ಲಿ ಮುಖವಾಡ ಎಂದೊಡನೆ 'ಕಳಚು' ಎಂಬುದು ಬಂದು ಅಂಟಿಕೊಳ್ಳುತ್ತದೆ. ಭಾಷಣಕಾರರೂ ಕವಿಗಳೂ ಸೇರಿ ಆ ಪದವನ್ನು ಬೈಗುಳ ಮಾಡಿಟ್ಟಿದ್ದಾರೆ. ಜಾತ್ರೆಯಲ್ಲಿ ಅಮ್ಮನವರಿಗೆ ಬೆಳ್ಳಿ ಮುಖವಾಡ ಏರಿಸುವಾಗ ಮಾತ್ರ ಯಾರಿಗೂ ಹಾಗನ್ನಿಸುವುದಿಲ್ಲ. ಅಲ್ಲಿ ಅದು ಏರಿದ ಮೇಲೇ ಅಮ್ಮ ಕಾಣುವುದು.

ಕನ್ನಡದ ಗ್ರೀಕ್ ನಾಟಕಗಳ ಬಗ್ಗೆ ನನ್ನ ತಕರಾರು ಹುಟ್ಟುವುದು ಇಲ್ಲೇ. ನಾವು ಮಾತು ತಂದೆವು, ಮೊಗವಾಡ ಬಿಟ್ಟು ಬಂದೆವು. ಸೊಫೊಕ್ಲಿಸನ 'ಅಯಾಸ್'ನ ಜಾಡಿನಲ್ಲಿ ಬಿಎಂಶ್ರೀ 1929ರಲ್ಲಿ 'ಅಶ್ವತ್ಥಾಮನ್' ಬರೆದರು. ಚಿರಂಜೀವಿಯೆಂದು ನಾವು ನಂಬಿದವನನ್ನೇ ಸಾಯಿಸುವ ಧೈರ್ಯ ತೋರಿದರು. ಅವರ ಹಳಗನ್ನಡದ ಬಿಗಿ ತಾನೇ ಒಂದು ಮೊಗವಾಡದಂತೆ ಕೆಲಸ ಮಾಡುತ್ತದೆ, ಪಾತ್ರವನ್ನು ನಮ್ಮಿಂದ ಹತ್ತು ಮಾರು ದೂರ ನಿಲ್ಲಿಸುತ್ತದೆ. ನಮ್ಮ ಜಿಲ್ಲೆಯ ಕೊನಗವಳ್ಳಿಯ ಲಂಕೇಶರು 'ಈಡಿಪಸ್'ನಲ್ಲಿ ಆ ಬಿಗಿಯನ್ನೂ ಸುಲಿದು ಹಾಕಿದರು. ಓದಲು ಅದಕ್ಕಿಂತ ಹರಿತವಾದ ಕನ್ನಡ ಬೇಡ. 1972ರಲ್ಲಿ ಬಿ.ವಿ. ಕಾರಂತರು ಬೆಂಗಳೂರಿನ ಬಯಲಲ್ಲಿ ಅದನ್ನು ಆಡಿಸಿದ್ದು ಈಗ ಚರಿತ್ರೆ. ಆದರೆ ನಾನು ನೋಡಿದ ಹವ್ಯಾಸಿ ಪ್ರಯೋಗಗಳಲ್ಲಿ ದೊರೆಯ ಸಂಕಟವೆಲ್ಲ ಹುಬ್ಬಿನಲ್ಲೇ ಮುಗಿದುಹೋಗುತ್ತಿತ್ತು; ಹತ್ತನೇ ಸಾಲಿಗೆ ತಲುಪುತ್ತಿರಲಿಲ್ಲ. ಸುಮಾರು 14,000 ಜನ ಕೂರುವ ಎಪಿಡಾರಸ್‌ನಂಥ ಬಯಲಿಗೆ ಹುಬ್ಬು ಯಾವ ಲೆಕ್ಕ? ಅಲ್ಲಿ ಮಾತನಾಡಬೇಕಾದ್ದು ಕತ್ತು, ಹೆಗಲು, ದನಿ.

ಇದನ್ನು ಕಲಿಯಲು ಅಥೆನ್ಸಿಗೇನೂ ಹೋಗಬೇಕಿಲ್ಲ. ಸೊರಬದ ಕಡೆಯ ಗದ್ದೆಬಯಲಲ್ಲಿ 'ಪಂಚವಟಿ' ಆಟ ಇದ್ದರೆ ನಡುರಾತ್ರಿಯವರೆಗೆ ಕೂತರೆ ಸಾಕು. ತೆರೆಯ ಹಿಂದಿನಿಂದ ಅಬ್ಬರ, ಚಂಡೆ ಏರುತ್ತದೆ, ತೆರೆಯ ಮೇಲಂಚಿನಲ್ಲಿ ಮೊದಲು ಕಿರೀಟದ ಬೇಗಡೆ ಹೊಳೆಯುತ್ತದೆ. ಆಮೇಲೆ ಬಣ್ಣದ ಮುಖ. ಘೋರ ಶೂರ್ಪನಖಿ. ರಾಮನನ್ನು ಕಂಡು ಮೋಹಗೊಂಡು ಒಳಹೋಗುತ್ತಾಳೆ. ಹೊರಗೆ ಬರುವ ಮಾಯಾ ಶೂರ್ಪನಖಿ ಬೇರೆಯೇ ನಟ, ನಾಜೂಕಿನ ಸ್ತ್ರೀವೇಷ. ಕಡಲೆಕಾಯಿ ಸುಲಿಯುತ್ತ ಕೂತ ಅಜ್ಜಿಗೆ ಇದರಲ್ಲಿ ಎಳ್ಳಷ್ಟೂ ಗೊಂದಲವಿಲ್ಲ. ಕಣ್ಣು ಕಿತ್ತುಕೊಂಡ ಈಡಿಪಸ್ ಬೇರೊಂದು ಮೊಗವಾಡ ತೊಟ್ಟು ಮರಳುತ್ತಿದ್ದ ಎಂಬ ವಿದ್ವಾಂಸರ ಊಹೆ ಆಕೆಗೆ ವಿಶೇಷವೆನಿಸಲಾರದು. ನಾವೋ ಇವತ್ತಿಗೂ ನಟನ ಕೆನ್ನೆಗೆ ಕೆಂಪು ಬಳಿದು ಕಳಿಸುತ್ತೇವೆ.

ಹಾಗೆಂದು ಯಕ್ಷಗಾನವನ್ನು ಗ್ರೀಕ್ ರಂಗಭೂಮಿಯ ತಂಗಿ ಮಾಡಿಬಿಡುವ ಉತ್ಸಾಹ ನನಗಿಲ್ಲ. ಮುಖವರ್ಣಿಕೆ ಮೊಗವಾಡವಲ್ಲ, ಅದರೊಳಗೆ ಕಣ್ಣು ಹೊರಳುತ್ತದೆ, ಗಲ್ಲ ಅದುರುತ್ತದೆ. ಭಾಗವತರನ್ನು ಗ್ರೀಕರ ಮೇಳಕ್ಕೆ, ಅಂದರೆ ಕೋರಸ್ಸಿಗೆ, ಹೋಲಿಸುವುದಂತೂ ತೀರಾ ಸವಕಲು, ಸರಿಯೂ ಅಲ್ಲ. ಭಾಗವತರಿಗೆ ಕಥೆ ಪೂರ್ತಿ ಗೊತ್ತು, ಆಟ ಅವರ ಕೈಯಲ್ಲಿದೆ. ಗ್ರೀಕ್ ಮೇಳಕ್ಕೆ ಮುಂದೇನೆಂದು ಗೊತ್ತಿಲ್ಲ. ಅದು ಹೆದರುತ್ತದೆ, ತಪ್ಪು ಊಹಿಸುತ್ತದೆ, ಬಾಗಿಲಾಚೆಯ ಕೂಗು ಕೇಳಿ ನಿಂತಲ್ಲೇ ತಡವರಿಸುತ್ತದೆ. ಯಕ್ಷಗಾನದಲ್ಲೂ ಈಚೆಗೆ ಸೋಮಾರಿತನ ನುಗ್ಗಿದೆ. ಗಂಟೆಗಟ್ಟಲೆ ಕೂತು ಚುಕ್ಕಿಚುಕ್ಕಿಯಾಗಿ ಚುಟ್ಟಿ ಇಡುವ ತಾಳ್ಮೆ ತಗ್ಗಿ, ಸಿಂಹಕ್ಕೋ ಹಂದಿಗೋ ಪೇಟೆಯ ರಬ್ಬರ್ ಮುಖ ಬಂದು ಕೂತದ್ದನ್ನು ನೋಡಿದ್ದೇನೆ. ಅದು ಬೆಳಕಿಗೆ ಹೊಳೆಯುವುದೂ ಇಲ್ಲ, ಕತ್ತಿನೊಡನೆ ತಿರುಗುವುದೂ ಇಲ್ಲ.

ಮತ್ತೆ ಗ್ರೀಕ್ ಮೇಳದ ಮಾತಿಗೆ ಬಂದರೆ, ನಮ್ಮ ಪ್ರಯೋಗಗಳು ನೆಲಕಚ್ಚುವುದು ಅದರಲ್ಲೇ. ಸೊಫೊಕ್ಲಿಸನ ಕಾಲಕ್ಕೆ ಅದರಲ್ಲಿ 15 ಜನ, ಎಲ್ಲರೂ ಒಂದೇ ಊರಿನ ಹಿರಿಯರೋ ಒಂದೇ ಮನೆಯ ದಾಸಿಯರೋ. ನಮ್ಮಲ್ಲಿ ಹದಿನೈದೂ ಹುಡುಗರು ಹದಿನೈದು ಥರ ಮುಖ ಕಿವುಚುತ್ತಾರೆ. ಪ್ರತಿಯೊಬ್ಬನ ಅಣ್ಣ-ತಮ್ಮಂದಿರು ಮುಂದಿನ ಸಾಲಲ್ಲಿ ಫೋನ್ ಹಿಡಿದು ಕೂತಿರುತ್ತಾರೆ. ದೊರೆಯ ಮುಖ ಬೇಕಾದರೆ ಬರಿದೇ ಇರಲಿ, ಮೇಳಕ್ಕಾದರೂ ಒಂದೇ ಅಚ್ಚಿನ ಹದಿನೈದು ತಲೆ ತೊಡಿಸಿ ಯಾರಾದರೂ ಆಡಿಸಿ ನೋಡಬೇಕು. ಸೊರಬದ ಗುಡಿಗಾರರು ಶ್ರೀಗಂಧ ಕೆತ್ತುವುದಕ್ಕೆ ಹೆಸರಾದವರು, ಮದುವೆ ಬಾಸಿಂಗಕ್ಕೆ ಬೆಂಡು ಕೊರೆಯುವುದೂ ಅವರ ಕಸುಬೇ. ಬೆಂಡಿನಷ್ಟು ಹಗುರ ಯಾವುದಿದೆ? ಮೂರು ತಾಸು ತಲೆ ಮೇಲೆ ಹೊತ್ತರೂ ಕತ್ತು ನೋಯದು.