ಕಾಡು ಕೆಟ್ಟರೆ ಹೊಳೆಗೆ ಹೆಚ್ಚು ನೀರೇ? – ಒಂದು ವಿಮರ್ಶೆ

ಕಾಡು ಹಾಳಾದರೆ ಹೊಳೆಯ ನೀರು ಕಡಿಮೆಯಾಗುತ್ತದೆ ಎಂದು ನಾವು ತರಗತಿಯಲ್ಲಿ ಹೇಳುತ್ತೇವೆ. ಉತ್ತರ ಕನ್ನಡ ಜಿಲ್ಲೆಯಲ್ಲೇ ನಡೆದ ಅಳತೆ ಬೇರೆಯದನ್ನೇ ಹೇಳುತ್ತದೆ. ಜಗದೀಶ್ ಕೃಷ್ಣಸ್ವಾಮಿ, ಬೋನೆಲ್, ವೆಂಕಟೇಶ್ ಮತ್ತು ಸಂಗಡಿಗರು 2012ರಲ್ಲಿ ‘ಜರ್ನಲ್ ಆಫ್ ಹೈಡ್ರಾಲಜಿ’ಯಲ್ಲಿ ಪ್ರಕಟಿಸಿದ ಪ್ರಬಂಧವನ್ನು ನೋಡಿ. ಕರಾವಳಿಯಲ್ಲೂ ಘಟ್ಟದ ಮೇಲೂ 7ರಿಂದ 23 ಹೆಕ್ಟೇರಿನ 11 ಕಿರುಜಲಾನಯನಗಳಲ್ಲಿ 2003ರಿಂದ 2005ರವರೆಗೆ ಮಳೆ ಮತ್ತು ಹರಿವನ್ನು ಅಳೆಯಲಾಯಿತು. ಬಿದ್ದ ಮಳೆಯಲ್ಲಿ ತೊರೆಗೆ ಬಂದ ಪಾಲು ಸಹಜ ಕಾಡಿನಲ್ಲಿ ಶೇ. 28.4, ಅಕೇಶಿಯಾ ನೆಡುತೋಪಿನಲ್ಲಿ ಶೇ. 32.7, ಹಾಳಾದ ಕಾಡಿನಲ್ಲಿ ಶೇ. 45.3!

ಕಾರಣ ಸರಳ. ದರಕು ಗುಡಿಸಿ, ದನ ತುಳಿದು ಗಟ್ಟಿಯಾದ ನೆಲದಲ್ಲಿ ನೀರು ಇಂಗುವ ವೇಗ ಕಡಿಮೆ. ಮಳೆಯ ತೀವ್ರತೆ ಅದನ್ನು ಮೀರಿದೊಡನೆ ಮಿಕ್ಕ ನೀರು ನೆಲದ ಮೇಲೆಯೇ ಓಡುತ್ತದೆ. ಹೆಚ್ಚಿದ್ದು ಮಳೆಗಾಲದ ರಭಸದ ಹರಿವು, ಬೇಸಿಗೆಯ ನೀರಲ್ಲ.

ಉಳಿದ ನೀರೆಲ್ಲಿ ಹೋಯಿತು? ನೀವೇ ಲೆಕ್ಕ ಹಾಕಿ. ವರ್ಷಕ್ಕೆ 3500 ಮಿ.ಮೀ. ಮಳೆ ಎಂದಿಟ್ಟುಕೊಳ್ಳಿ. ಸಹಜ ಕಾಡಿನಲ್ಲಿ ತೊರೆಗೆ ಬಾರದೆ ಉಳಿದದ್ದು ಸುಮಾರು 2500 ಮಿ.ಮೀ. ಮರಗಳು ಎಷ್ಟೇ ಆವಿಯಾಗಿಸಿದರೂ ವರ್ಷಕ್ಕೆ 1500 ಮಿ.ಮೀ. ದಾಟುವುದು ಕಷ್ಟ, ಸೌರಶಕ್ತಿಯ ಮಿತಿಯೇ ಅಷ್ಟು. ಹಾಗಾದರೆ ಸುಮಾರು 1000 ಮಿ.ಮೀ. ನೀರು ಮಾಪಕದ ಅಡಿಯಿಂದಲೇ ಹಾದು, ಕೆಳಗಿನ ಬಾವಿಗಳಿಗೂ ನದಿಗೂ ಸೇರಿರಬೇಕು. ಶೇಕಡಾವಾರು ಅಂಕಿಯನ್ನಷ್ಟೇ ಉಲ್ಲೇಖಿಸುವವರು ಈ ಅಂಶವನ್ನು ಬಿಡುತ್ತಾರೆ. ಇದೇ ತಂಡ 2013ರ ಪ್ರಬಂಧದಲ್ಲಿ ಅಂತರ್ಜಲ ಮರುಪೂರಣವನ್ನು ಕೈಗೆತ್ತಿಕೊಂಡದ್ದು ಮೆಚ್ಚತಕ್ಕದ್ದು.

ನನ್ನ ಆಕ್ಷೇಪ ಇರುವುದು ಈ ಫಲಿತಾಂಶವನ್ನು ಇಡೀ ನದಿಗೆ ಹಿಗ್ಗಿಸುವ ಉತ್ಸಾಹದ ಬಗ್ಗೆ. ಕಾರವಾರದಲ್ಲಿ ಕಾಳಿಯ ಹರಿವನ್ನು ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳ ಗೇಟುಗಳು ನಿರ್ಧರಿಸುತ್ತವೆ. ಅಲ್ಲಿ ಕಾಡಿನ ಪ್ರಭಾವವನ್ನು ಬೇರ್ಪಡಿಸುವುದು ಸುಲಭವಲ್ಲ. ದೊಡ್ಡ ಅಣೆಕಟ್ಟಿಲ್ಲದ ಗಂಗಾವಳಿ ಪರೀಕ್ಷೆಗೆ ಹೆಚ್ಚು ತಕ್ಕದ್ದು. ಕಾರವಾರ, ಅಂಕೋಲಾ ಪೇಟೆಗಳು ಕುಡಿಯುವ ನೀರಿಗೆ ಅದನ್ನೇ ನಂಬಿವೆ. ಆದರೆ ಅದರ ಮೇಲಿನ ಭಾಗ ಮಳೆ ಕಡಿಮೆ ಇರುವ ಧಾರವಾಡ ಸೀಮೆಯ ಹೊಲಗಳು, ಕೆಳಗಿನದು ಘಟ್ಟದ ದಟ್ಟ ಕಾಡು. ಭೂಬಳಕೆಯ ಜೊತೆಗೆ ಮಳೆ, ಮಣ್ಣು, ಬಂಡೆ ಎಲ್ಲವೂ ಬದಲಾಗುತ್ತವೆ.

ಅವಧಿಯೂ ಎರಡು–ಮೂರು ವರ್ಷವಷ್ಟೇ. 2019ರ ಆಗಸ್ಟ್‌ನಲ್ಲಿ ಗಂಗಾವಳಿ ಉಕ್ಕಿ ಅಂಕೋಲೆಯ ಹಳ್ಳಿಗಳಿಗೆ ನುಗ್ಗಿತಲ್ಲ, ಅಂಥ ಮಳೆಯಲ್ಲಿ ಮಣ್ಣಿನ ರಂಧ್ರಗಳೆಲ್ಲ ತುಂಬಿದ ಮೇಲೆ ಸಹಜ ಕಾಡಿಗೂ ಹಾಳು ಗುಡ್ಡಕ್ಕೂ ಎಷ್ಟು ವ್ಯತ್ಯಾಸ ಉಳಿಯುತ್ತದೆ? ಅದಕ್ಕೆ ಉತ್ತರವನ್ನು ಈ 11 ಕಿರುಜಲಾನಯನಗಳ ಅಳತೆಯಲ್ಲಿ ಹುಡುಕಬೇಡಿ.