ಕಾಣದ ಅರ್ಧ

ಹವ್ಯಾಸಿ ರೇಡಿಯೊದ ಉಪಾಸಕನು ಮನೆಯ ಮಾಳಿಗೆಯನ್ನು ಬಿಟ್ಟು ಬೆಟ್ಟದ ನೆತ್ತಿಗೋ ಹೊಳೆಯ ದಂಡೆಗೋ ಹೊರಟಾಗ, ಅವನ ಚೀಲದಲ್ಲಿ ಪ್ರೇಷಕಯಂತ್ರಕ್ಕೆ ದೊರೆಯುವ ಗೌರವವು ಅದರ ಪಕ್ಕದಲ್ಲಿಯೇ ಸುರುಳಿಗೊಂಡು ಮಲಗಿರುವ ತಂತಿಗೆ ದೊರೆಯುವುದು ಅಪೂರ್ವ. ಯಂತ್ರವನ್ನು ಕೊಳ್ಳುವ ಮುನ್ನ ತಿಂಗಳುಗಟ್ಟಲೆ ವಿಚಾರಿಸಿದವನೇ ಆಂಟೆನಾದ ವಿಷಯಕ್ಕೆ ಬಂದಾಗ, ಹಗುರವಾಗಿದೆ, ಬೇಗನೆ ಕಟ್ಟಬಹುದು, ಹಲವು ಬ್ಯಾಂಡುಗಳಲ್ಲಿ ನಡೆಯುತ್ತದೆ ಎಂಬ ಮೂರು ಮಾತುಗಳಿಗೆ ತೃಪ್ತನಾಗಿಬಿಡುತ್ತಾನೆ. ಆದರೆ ಬ್ಯಾಟರಿಯಿಂದ ಹಿಂಡಿ ತೆಗೆದ ಐದು ಹತ್ತು ವಾಟ್ ಶಕ್ತಿಯು ಆಕಾಶವನ್ನು ಸೇರುವುದೋ, ಮಣ್ಣನ್ನು ಬೆಚ್ಚಗೆ ಮಾಡಿ ಮುಗಿದುಹೋಗುವುದೋ ಎಂಬುದು ನಿರ್ಧಾರವಾಗುವುದು ಆ ತಂತಿಯಲ್ಲಿಯೇ. ಆದುದರಿಂದ ಹೊತ್ತೊಯ್ಯತಕ್ಕ ತಂತಿ ಆಂಟೆನಾಗಳ ಗುಣದೋಷವಿವೇಚನೆಗೆ ಈ ಮೂರು ಮಾತುಗಳಿಗಿಂತ ಗಟ್ಟಿಯಾದ ಒರೆಗಲ್ಲೊಂದು ಬೇಕು. ಈ ತಂತಿಯ ಇನ್ನೊಂದು ಅರ್ಧ ಎಲ್ಲಿದೆ ಎಂಬ ಪ್ರಶ್ನೆಯೇ ಆ ಒರೆಗಲ್ಲೆಂದು ನನ್ನ ಮತ.

ವಿದ್ಯುತ್ತಿಗೆ ಒಂಟಿ ಸಂಚಾರವಿಲ್ಲ. ಯಂತ್ರದ ಒಂದು ಧ್ರುವದಿಂದ ತಂತಿಗೆ ಎಷ್ಟು ಪ್ರವಾಹ ಹೊರಡುವುದೋ ಅಷ್ಟೇ ಪ್ರವಾಹವು ಮತ್ತೊಂದು ಧ್ರುವಕ್ಕೆ ಯಾವುದಾದರೊಂದು ವಾಹಕದಿಂದ ಬಂದು ಸೇರಲೇಬೇಕು. 1880ರ ದಶಕದ ಕೊನೆಯಲ್ಲಿ ಹೈನ್‌ರಿಶ್ ಹರ್ಟ್ಸ್ ತನ್ನ ಪ್ರಯೋಗಗಳಿಗೆ ಕಿಡಿ ಹಾರುವ ಎಡೆಯ ಇಕ್ಕೆಲಗಳಲ್ಲಿಯೂ ಸಮಾನವಾದ ವಾಹಕಗಳನ್ನಿರಿಸಿದನು. ಅಲ್ಲಿ ಎರಡು ಅರ್ಧಗಳೂ ಕಣ್ಣಿಗೆ ಕಾಣುತ್ತಿದ್ದುವು. ಅವನ ತರುವಾಯ ಬಂದ ಮಾರ್ಕೋನಿಯಾದರೋ ಒಂದು ಅರ್ಧವನ್ನು ಮಾತ್ರ ಎತ್ತರಕ್ಕೇರಿಸಿ, ಇನ್ನೊಂದರ ಭಾರವನ್ನು ಭೂಮಿಗೆ ಒಪ್ಪಿಸಿದನು. 1901ರ ಡಿಸೆಂಬರ್ 12ರಂದು ನ್ಯೂಫೌಂಡ್‌ಲೆಂಡಿನ ಸಿಗ್ನಲ್ ಹಿಲ್ ಎಂಬ ಗುಡ್ಡದ ಮೇಲೆ ಗಾಳಿಪಟವೊಂದು ಎತ್ತಿ ಹಿಡಿದಿದ್ದ ತಂತಿಯಿಂದ ಅಟ್ಲಾಂಟಿಕ್ಕಿನ ಆಚೆಯ ಸಂಕೇತವನ್ನು ಕೇಳಿದೆನೆಂದು ಅವನು ಸಾರಿದಾಗ, ಹೊತ್ತೊಯ್ಯುವ ತಂತಿಯ ಕೀರ್ತಿಯೂ ಅದರೊಡನೆ ಮೊದಲಾಯಿತೆನ್ನಬಹುದು. ಇಂದು ನಮ್ಮ ಚೀಲಗಳಲ್ಲಿರುವ ತಂತಿಗಳೆಲ್ಲವೂ, ಅವುಗಳ ಮಾರಾಟದ ಹೆಸರು ಏನೇ ಇರಲಿ, ಈ ಎರಡು ಮನೆತನಗಳಲ್ಲಿ ಒಂದಕ್ಕೆ ಸೇರಿದುವೇ.

ಹರ್ಟ್ಸನ ಮನೆತನದ ನೇರ ಸಂತಾನವು ಡೈಪೋಲ್. ಅರ್ಧ ತರಂಗಾಂತರದ ತಂತಿಯನ್ನು ನಡುವೆ ಕಡಿದು, ಕಡಿದೆಡೆಗೆ ಕೋಆಕ್ಸಿಯಲ್ ಕೇಬಲನ್ನು ಜೋಡಿಸಿದರೆ ಅದು ಸಿದ್ಧವಾಯಿತು. ಮೆಗಾಹರ್ಟ್ಸಿನಲ್ಲಿ ಹೇಳಿದ ಆವರ್ತಾಂಕದಿಂದ 143ನ್ನು ಭಾಗಿಸಿದರೆ ಒಟ್ಟು ಉದ್ದ ಮೀಟರುಗಳಲ್ಲಿ ದೊರೆಯುತ್ತದೆ. 7.1ಕ್ಕೆ ಸುಮಾರು 20 ಮೀಟರು, ಅಂದರೆ ತೋಳೊಂದಕ್ಕೆ 10. ಪ್ಲಾಸ್ಟಿಕ್ ಹೊದಿಕೆಯ ತಂತಿಯಾದರೆ ನೂರಕ್ಕೆ ಎರಡು ಮೂರರಷ್ಟು ಮೊಟಕುಮಾಡಬೇಕಾಗುವುದು. ಎರಡು ಎತ್ತರದ ಮರಗಳು ಎಲ್ಲೆಡೆಯೂ ಸಿಕ್ಕವಾದುದರಿಂದ, ನಡುವನ್ನು ಒಂದೇ ಕಂಬದ ತುದಿಗೇರಿಸಿ ತೋಳುಗಳನ್ನು ಇಳಿಬಿಡುವ, ಇನ್‌ವರ್ಟೆಡ್ ವೀ ಎಂಬ ರೂಪವೇ ಪ್ರವಾಸಿಗೆ ಉಚಿತ. ಒಂದರೊಳಗೊಂದು ಸೇರುವ 8 ಮೀಟರಿನ ಫೈಬರ್‌ಗ್ಲಾಸ್ ಕಂಬವನ್ನು ನೆಟ್ಟು, ತಂತಿಯ ಕೊನೆಗಳನ್ನು ನೆಲದಿಂದ 2 ಮೀಟರು ಮೇಲೆ ನಿಲ್ಲಿಸಿದರೆ, ಇಳಿತ 6, ತೋಳು 10, ಕೊನೆಯ ನೇರ ಕೆಳಗಣ ಬಿಂದುವು ಕಂಬದ ಬುಡದಿಂದ 8 ಮೀಟರು. ಗಾರೆಯವರು ಮೂಲೆಮಟ್ಟ ನೋಡುವ ಮೂರು-ನಾಲ್ಕು-ಐದರ ಲೆಕ್ಕವೇ ಇಲ್ಲಿ ಇಮ್ಮಡಿಯಾಗಿ ನಿಂತಿದೆ. ನೆತ್ತಿಯ ಕೋನವು ಸುಮಾರು 106 ಅಂಶವಾಗುವುದು. ಮುಕ್ತಾಕಾಶದಲ್ಲಿ ಡೈಪೋಲಿಗೆ 73 ಓಮ್ ಇರುವ ಪ್ರತಿಬಾಧೆಯು ತೋಳುಗಳು ಬಾಗಿದಾಗ ತಗ್ಗಿ, ಕೇಬಲಿಗೆ ಒಪ್ಪುವ 50ರ ಸಮೀಪಕ್ಕೆ ಬರುವುದು ಈ ರೂಪದ ಇನ್ನೊಂದು ಗುಣ. ಕೊನೆಗಳಲ್ಲಿ ವೋಲ್ಟೇಜು ಅತ್ಯಧಿಕವಾಗಿರುವುದರಿಂದ, ಸುಳಿದಾಡುವವರ ಕೈಗೆ ಅವು ಎಟುಕದಂತೆ ನೋಡಿಕೊಳ್ಳತಕ್ಕದ್ದು ಕಟ್ಟಿದವನ ಧರ್ಮ.

ಇಷ್ಟು ತಗ್ಗಿನ ತಂತಿಯಿಂದ ದೂರದೇಶಗಳು ದೊರೆಯಲಾರವೆಂಬ ಆಕ್ಷೇಪವುಂಟು. 7 ಮೆಗಾಹರ್ಟ್ಸಿನಲ್ಲಿ ತರಂಗಾಂತರದ ಐದನೆಯ ಒಂದು ಭಾಗದಷ್ಟೇ ಎತ್ತರವಿರುವ ಈ ತಂತಿಯು ತನ್ನ ಶಕ್ತಿಯ ಹೆಚ್ಚಿನ ಪಾಲನ್ನು ನೆತ್ತಿಯ ಕಡೆಗೇ ಎಸೆಯುವುದು ನಿಜ. ಆದರೆ ಹಾಗೆ ಎಸೆದ ತರಂಗವು ಅಯಾನುಗೋಳದಿಂದ ಮಳೆಯಂತೆ ಕೆಳಗಿಳಿದು ಸುತ್ತಣ ಕೆಲವು ನೂರು ಕಿಲೋಮೀಟರುಗಳನ್ನು ತೋಯಿಸುತ್ತದೆ. ಪಶ್ಚಿಮಘಟ್ಟದ ಕಣಿವೆಯಲ್ಲಿ ಕೈಸೆಟ್ಟಿನ ಮಾತು ಎದುರಿನ ಗುಡ್ಡವನ್ನೇ ದಾಟದಿರುವಾಗ, ಹಗಲಿನಲ್ಲಿ ಮಂಗಳೂರು, ಧಾರವಾಡ, ಬೆಂಗಳೂರುಗಳನ್ನು ಏಕಕಾಲದಲ್ಲಿ ಮುಟ್ಟಬೇಕೆನ್ನುವವನಿಗೆ ಈ ತಗ್ಗು ವರವೇ ಸರಿ. ದೂರವೇ ಬೇಕಾದರೆ ಪ್ರತಿ ತೋಳನ್ನೂ 5 ಮೀಟರಿನ ಬಳಿ ಕಡಿದು ಕೊಂಡಿಯಿಟ್ಟುಕೊಂಡರಾಯಿತು. ಕೊಂಡಿ ಬಿಚ್ಚಿದೊಡನೆ ತಂತಿಯು 14 ಮೆಗಾಹರ್ಟ್ಸಿನ ಡೈಪೋಲಾಗಿ, ಅದೇ ಕಂಬವು ತರಂಗಾಂತರದ ಮೂರನೆಯ ಒಂದು ಭಾಗವನ್ನು ಮೀರಿದ ಎತ್ತರವಾಗಿ ಪರಿಣಮಿಸುತ್ತದೆ. ದೋಷಗಳೂ ಇಲ್ಲದಿಲ್ಲ. ಬ್ಯಾಂಡು ಬದಲಿಸುವಾಗಲೆಲ್ಲ ಎದ್ದು ಹೋಗಿ ತಂತಿಯನ್ನು ಇಳಿಸಬೇಕು. ಕೇಬಲಿನ ತೂಕವೆಲ್ಲವೂ ಕಂಬದ ಸಪೂರವಾದ ತುದಿಯ ಮೇಲೆ ಬಿದ್ದು, ಗಾಳಿಯ ದಿನ ಅದು ಬಿಲ್ಲಿನಂತೆ ಬಾಗುವುದು.

ಈ ತೊಡಕುಗಳನ್ನು ನೀಗುವೆನೆಂದು ಬಂದುದೇ ಒಂದು ತುದಿಯಿಂದ ಶಕ್ತಿಯೂಡುವ ಅರ್ಧತರಂಗದ ತಂತಿ, ಹ್ಯಾಮ್‌ಗಳ ಮಾತಿನಲ್ಲಿ ಎಂಡ್ ಫೆಡ್. ಆಕಾಶನೌಕೆಯಾದ ಜ಼ೆಪ್ಪೆಲಿನ್ ಇಂತಹ ತಂತಿಯನ್ನೇ ಬಾಲದಂತೆ ಇಳಿಬಿಡುತ್ತಿದ್ದಿತಾದುದರಿಂದ ಇದು ಹೊಸ ಶೋಧವೇನೂ ಅಲ್ಲ. ತುದಿಯಲ್ಲಿ ಪ್ರತಿಬಾಧೆಯು ಕೆಲವು ಸಾವಿರ ಓಮ್ ಇರುವುದರಿಂದ, 49ಕ್ಕೆ 1ರ ಪರಿವರ್ತಕವೊಂದು ಅದನ್ನು 50ಕ್ಕೆ ಇಳಿಸುತ್ತದೆ. ಒಂದೇ 20 ಮೀಟರಿನ ತಂತಿಯು 7, 14, 21, 28 ಮೆಗಾಹರ್ಟ್ಸುಗಳ ನಾಲ್ಕು ಬ್ಯಾಂಡುಗಳಲ್ಲಿಯೂ ಅನುನಾದಗೊಳ್ಳುತ್ತದೆ. ಒಂದು ಮರ ಸಾಕು, ಕೇಬಲು ನೆಲದಲ್ಲಿಯೇ ಉಳಿಯುತ್ತದೆ. ಈ ಸೌಕರ್ಯವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಇದಕ್ಕೆ ಇನ್ನೊಂದು ಅರ್ಧವೇ ಬೇಡವೆಂದು ಹೇಳುವ ಮಾತನ್ನು ಮಾತ್ರ ಒಪ್ಪಲಾರೆ. ತುದಿಯಲ್ಲಿ ಪ್ರವಾಹ ಸ್ವಲ್ಪವೇ ಹೊರತು ಶೂನ್ಯವಲ್ಲ; ಆ ಸ್ವಲ್ಪಕ್ಕೂ ಮರುದಾರಿ ಬೇಕು. ನಾವು ಕೊಡದಿದ್ದರೆ ಅದು ಕೇಬಲಿನ ಹೊರಹೆಣಿಗೆಯನ್ನು ತನ್ನ ದಾರಿಯಾಗಿ ಮಾಡಿಕೊಳ್ಳುತ್ತದೆ.

ಮಲೆನಾಡಿನ ಜಂಬಿಟ್ಟಿಗೆಯ ಗುಡ್ಡವೊಂದರ ಮೇಲೆ ನನಗೆ ಇದು ಮನವರಿಕೆಯಾಯಿತು. 50 ವಾಟಿನಲ್ಲಿ ಮಾತನಾಡಲು ತೊಡಗಿದೊಡನೆ ಮೈಕಿನ ಲೋಹವು ತುಟಿಗೆ ಚುರುಕ್ಕೆಂದಿತು. ಯಂತ್ರವು ತನ್ನಷ್ಟಕ್ಕೆ ತಾನೇ ಆರಿ ಹೊತ್ತಿತು. ತಂತಿಯಿಂದ ಪ್ರತಿಫಲಿಸಿ ಹಿಂದಿರುಗುವ ಶಕ್ತಿಯ ಅಳತೆಯಾಗಿ ಮಾಪಕ ತೋರಿಸುತ್ತಿದ್ದ ಎಸ್‌ಡಬ್ಲ್ಯುಆರ್ ಮಾತ್ರ ನಿರ್ದುಷ್ಟವಾಗಿತ್ತು. ಕೇಬಲೂ ಯಂತ್ರವೂ ನಾನೂ ಆ ತಂತಿಯ ಕಾಣದ ಅರ್ಧವಾಗಿದ್ದೆವು. ಪರಿವರ್ತಕದ ಬುಡಕ್ಕೆ 2 ಮೀಟರಿನ ತುಂಡುತಂತಿಯೊಂದನ್ನು ಸೇರಿಸಿ ನೆಲದ ಮೇಲೆ ಹಾಸಿ, ಯಂತ್ರದ ಬಳಿ ಕೇಬಲನ್ನು ಫೆರೈಟ್ ಬಳೆಯೊಂದಕ್ಕೆ ಹತ್ತು ಸುತ್ತು ಸುತ್ತಿ, ಹೊರಹೆಣಿಗೆಯ ಪ್ರವಾಹವನ್ನು ತಡೆಯುವ ಚೋಕ್ ಮಾಡಿದ ಮೇಲೆ ಆ ಉಪದ್ರವ ನಿಂತಿತು.

ಎಸ್‌ಡಬ್ಲ್ಯುಆರ್ ಎಂಬ ಸಂಖ್ಯೆಯ ಪೂಜೆಯು ನಮ್ಮಲ್ಲಿ ಅತಿಯಾಗಿದೆ. 50 ಓಮಿನ ರೋಧಕವನ್ನು ಜೋಡಿಸಿದರೆ ಮಾಪಕವು ಒಂದಕ್ಕೊಂದೆಂದು ಪರಿಪೂರ್ಣತೆಯನ್ನು ಸಾರುತ್ತದೆ, ಆದರೆ ಅದರಿಂದ ಒಂದು ಶಬ್ದವೂ ಹೊರಹೋಗುವುದಿಲ್ಲ. ಯಾವ ಬ್ಯಾಂಡಿಗೂ ಅರ್ಧತರಂಗವಾಗದಂತೆ ಉದ್ದವನ್ನಾರಿಸಿ 9ಕ್ಕೆ 1ರ ಪರಿವರ್ತಕವನ್ನು ಕೂಡಿಸಿದ ಯದೃಚ್ಛಾತಂತಿಯು, ಟ್ಯೂನರಿನ ಸಹಾಯದಿಂದ ಎಲ್ಲ ಬ್ಯಾಂಡುಗಳಲ್ಲಿಯೂ ಒಳ್ಳೆಯ ಸಂಖ್ಯೆಯನ್ನೇ ತೋರಿಸುವುದು; ಆದರೆ ಮರುದಾರಿಯಾಗುವ ಪ್ರತಿತಂತಿಗಳನ್ನು ನೆಲದ ಮೇಲೆ ಹಾಸದಿದ್ದಲ್ಲಿ ಅದರ ಸಾಧುತ್ವದಲ್ಲಿ ಒಂದು ಪಾಲು ಪರಿವರ್ತಕದಲ್ಲಿಯೂ ಮಣ್ಣಿನಲ್ಲಿಯೂ ಆದ ನಷ್ಟದ ಫಲ. ನಷ್ಟವು ಪ್ರತಿಫಲನವನ್ನು ನುಂಗುತ್ತದೆ. ನುಂಗಿದುದನ್ನು ಮಾಪಕವು ಗುಣವೆಂದು ಬಗೆಯುತ್ತದೆ.

ನ್ಯಾಯವಾಗಿ ಹೇಳುವುದಾದರೆ ಡೈಪೋಲೂ ಈ ಪರೀಕ್ಷೆಯಿಂದ ಹೊರತಲ್ಲ. ಸಮತೋಲವಾದ ತಂತಿಗೆ ಸಮತೋಲವಲ್ಲದ ಕೇಬಲನ್ನು ಜೋಡಿಸಿದಾಗ ಹೊರಹೆಣಿಗೆಯು ಅಲ್ಲಿಯೂ ಮೂರನೆಯ ತೋಳಾಗಬಲ್ಲುದು. ನಡುವಿನಲ್ಲಿ ಚೋಕ್ ಬೇಕೆನ್ನುವುದು ಅದಕ್ಕಾಗಿಯೇ. ಪರೀಕ್ಷೆ ಸುಲಭ. ಅಲ್ಪ ಶಕ್ತಿಯಲ್ಲಿ ಅಳೆಯುತ್ತಿರುವಾಗ ಕೇಬಲಿನ ಹೊರಕವಚದ ಮೇಲೆ ಕೈಯನ್ನು ಸರಿಸುತ್ತ ಹೋಗಬೇಕು. ಮುಳ್ಳು ಅಲುಗಿದರೆ ಕೇಬಲು ಆಂಟೆನಾದ ಅಂಗವಾಗಿದೆಯೆಂದೇ ಅರ್ಥ.

2004ರ ಡಿಸೆಂಬರಿನಲ್ಲಿ ಹವ್ಯಾಸಿ ರೇಡಿಯೊ ಪ್ರಸಾರಕ್ಕಾಗಿ ಪೋರ್ಟ್‌ಬ್ಲೇರಿಗೆ ಹೋಗಿದ್ದ ಭಾರತಿ ಪ್ರಸಾದ್ ಅವರ ತಂಡವು, 26ರ ಸುನಾಮಿಯ ಬಳಿಕ ಅದೇ ಉಪಕರಣಗಳಿಂದ ದ್ವೀಪದವರ ಕ್ಷೇಮವಾರ್ತೆಯನ್ನು ಮುಖ್ಯಭೂಮಿಗೆ ಮುಟ್ಟಿಸಿತು. ವಿನೋದಕ್ಕೆಂದು ಹೊತ್ತ ತಂತಿಯು ಯಾವ ಮುನ್ಸೂಚನೆಯೂ ಇಲ್ಲದೆ ಜನರ ಪ್ರಾಣದ ತಂತಿಯಾಗಬಹುದೆಂಬ ಕಾರಣದಿಂದಲೇ ಈ ಆಯ್ಕೆಯನ್ನು ನಾನು ಇಷ್ಟು ಗಂಭೀರವಾಗಿ ಪರಿಗಣಿಸುವುದು. ಒಂದೇ ತಂತಿಯನ್ನು ಒಯ್ಯುವವನಿಗೆ ಕೊಂಡಿಯಿರುವ ಡೈಪೋಲನ್ನೇ ಸೂಚಿಸುತ್ತೇನೆ. ಎಂಡ್ ಫೆಡ್ ಒಯ್ಯುವವನು ಅದರೊಡನೆ 2 ಮೀಟರಿನ ತುಂಡನ್ನೂ ಫೆರೈಟ್ ಬಳೆಯನ್ನೂ ಅದೇ ಸುರುಳಿಯಲ್ಲಿ ಕಟ್ಟಿಡಲಿ. ಅವು ಮನೆಯಲ್ಲಿಯೇ ಉಳಿದ ದಿನ, ಚೀಲದಲ್ಲಿರುವುದು ಅರ್ಧ ಆಂಟೆನಾ ಮಾತ್ರ.