ಕರುಣರಸವೂ ಕೆಂಪು ಷರಾಯಿಯೂ

ಕರುಣರಸವನ್ನು ಸಾಧಿಸುವುದು ಸುಲಭವೆಂದು ಬಗೆಯುವ ಕವಿಗಳು ಎಲ್ಲ ಕಾಲದಲ್ಲಿಯೂ ಉಂಟು. ನೊಂದ ಮಗುವೊಂದನ್ನು ಎದುರಿಗೆ ನಿಲ್ಲಿಸಿ, ರಕ್ತ, ಕಂಬನಿ, ಬೂದಿ ಎಂಬ ಮಾತುಗಳನ್ನು ಸುತ್ತಲೂ ಚೆಲ್ಲಿದರೆ ರಸ ತಾನಾಗಿ ಉಕ್ಕುವುದೆಂದು ಅವರ ನಂಬಿಕೆ. ಈಚಿನ ವರ್ಷಗಳಲ್ಲಿ ಪ್ಯಾಲೆಸ್ಟೈನಿನ ಮಕ್ಕಳ ಸಂಕಟವನ್ನು ಕುರಿತು ಕನ್ನಡದಲ್ಲಿಯೂ ಪದ್ಯಗಳು ಹುಟ್ಟಿವೆ. ಅವುಗಳ ಹಿಂದಿರುವ ಮನಸ್ಸು ಒಳ್ಳೆಯದೇ. ಆದರೆ ಒಳ್ಳೆಯ ಮನಸ್ಸು ಕಾವ್ಯಕ್ಕೆ ಬಂಡವಾಳವಾಗಬಹುದಲ್ಲದೆ ಲಾಭವೆಂದು ಲೆಕ್ಕಕ್ಕೆ ಬರಲಾರದು. ಆ ಪದ್ಯಗಳಲ್ಲಿ ಅನೇಕದರಲ್ಲಿ ಮಗುವಿಗೆ ಹೆಸರಿಲ್ಲ, ಮನೆಯಿಲ್ಲ, ಬೆಳಗಾದರೆ ನಡೆದು ಹೋಗಬೇಕಾದ ಶಾಲೆಯ ದಾರಿಯಿಲ್ಲ. ಓದಿದವನ ಕಣ್ಣು ಒದ್ದೆಯಾಗುತ್ತದೆ, ಒಣಗುತ್ತದೆ. ಬಳಿಕ ಎಲ್ಲವೂ ಮೊದಲಿನಂತೆಯೇ. ದೂರದೇಶದ ಮಗುವಿನ ನೋವು ಸಹೃದಯನಲ್ಲಿ ಬಂದು ನೆಲೆಸುವುದು ಹೇಗೆ ಎಂಬುದು ಅಲಂಕಾರಶಾಸ್ತ್ರದ ಪ್ರಶ್ನೆಯೂ ಹೌದು, ಧರ್ಮದ ಪ್ರಶ್ನೆಯೂ ಹೌದು.

ಈ ಪ್ರಶ್ನೆಗೆ ಶ್ರೀರಂಗಪಟ್ಟಣವು ಹೊರಗಾದುದಲ್ಲ. 1792ರ ಫೆಬ್ರವರಿಯಲ್ಲಿ ಟಿಪ್ಪು ಸುಲ್ತಾನನು ಸಂಧಿಯ ಷರತ್ತಿಗೆ ಕಟ್ಟುಬಿದ್ದು, ಇನ್ನೂ ಬಾಲಕರಾಗಿದ್ದ ತನ್ನ ಇಬ್ಬರು ಮಕ್ಕಳನ್ನು, ಅಬ್ದುಲ್ ಖಾಲಿಕನನ್ನೂ ಮುಯಿಜುದ್ದೀನನನ್ನೂ, ಕಾರ್ನ್‌ವಾಲಿಸನ ಪಾಳೆಯಕ್ಕೆ ಒತ್ತೆಯಾಗಿ ಕಳುಹಿಸಿದನು. ಅವರು ತಂದೆಯ ಬಳಿಗೆ ಮರಳಿದುದು 1794ರಲ್ಲಿ. ಈ ಪ್ರಸಂಗವನ್ನು ಆಂಗ್ಲ ಚಿತ್ರಕಾರರು ಬಾರಿ ಬಾರಿಗೂ ಬರೆದರು. ಅವುಗಳಲ್ಲಿ ರಾಬರ್ಟ್ ಹೋಮನ ಚಿತ್ರ ಹೆಸರಾದುದು. ಅದರಲ್ಲಿ ಕಾರ್ನ್‌ವಾಲಿಸನು ಬಾಲಕನ ಕೈಹಿಡಿದು ಬರಮಾಡಿಕೊಳ್ಳುತ್ತಾನೆ. ಬಣ್ಣಗಾರಿಕೆಯಲ್ಲಿ ಕೊರತೆಯಿಲ್ಲ. ಆದರೆ ನೋಡುವವನ ದೃಷ್ಟಿ ಹೋಗಿ ನಿಲ್ಲುವುದು ಗೆದ್ದವನ ಔದಾರ್ಯದ ಮೇಲೆ. ಬಾಲಕರು ಆ ಔದಾರ್ಯಕ್ಕೆ ತೊಡಿಸಿದ ಒಡವೆಗಳು. ಕರುಣಕ್ಕೆ ಆಲಂಬನವಾಗಬೇಕಾಗಿದ್ದ ಮಗು ಮತ್ತೊಬ್ಬನ ದಯಾವೀರಕ್ಕೆ ಉದ್ದೀಪನವಾಗಿ ಮುಗಿಯಿತು. ಒಳ್ಳೆಯ ಮನಸ್ಸಿನ ಪದ್ಯಗಳಲ್ಲಿಯೂ ಸುಳಿಯುವ ದೋಷ ಇದೇ: ಮಗು ಮರೆಯಾಗಿ ಕವಿಯ ಮರುಕವೇ ಮೆರೆಯುವುದು.

ಇದಕ್ಕೆ ಪ್ರತಿಯಾಗಿ ನಿಲ್ಲಿಸಿ ನೋಡತಕ್ಕ ಕೃತಿಯೊಂದುಂಟು. ಘಸ್ಸಾನ್ ಕನಫಾನಿ ಎಂಬ ಪ್ಯಾಲೆಸ್ಟೈನಿನ ಲೇಖಕನು 1956ರಲ್ಲಿ ಅರಬ್ಬಿಯಲ್ಲಿ ಬರೆದ ‘ಗಾಜಾದಿಂದ ಒಂದು ಪತ್ರ’ ಎಂಬ ಸಣ್ಣ ಕಥೆ ಅದು. ಕನಫಾನಿಯು 1936ರಲ್ಲಿ ಅಕ್ಕಾ ಪಟ್ಟಣದಲ್ಲಿ ಹುಟ್ಟಿದವನು. 1948ರಲ್ಲಿ ಮನೆಮಾರು ಕಳೆದುಕೊಂಡು ನಿರಾಶ್ರಿತನಾದವನು. ಡಮಾಸ್ಕಸ್ಸಿನಲ್ಲಿ ನಿರಾಶ್ರಿತ ಮಕ್ಕಳ ಶಾಲೆಯಲ್ಲಿ ಉಪಾಧ್ಯಾಯನಾಗಿದ್ದವನು. ಕಥೆಯನ್ನು ಬರೆದಾಗ ಆತನಿಗೆ ಇಪ್ಪತ್ತು ವರ್ಷ.

ಕಥೆ ಚಿಕ್ಕದು. ಕುವೈತಿನಲ್ಲಿ ಉಪಾಧ್ಯಾಯನಾಗಿರುವ ತರುಣನೊಬ್ಬನು ರಜೆಯಲ್ಲಿ ಗಾಜಾಕ್ಕೆ ಬಂದಿದ್ದಾನೆ. ಅಮೆರಿಕೆಯಲ್ಲಿರುವ ಬಾಲ್ಯಸ್ನೇಹಿತನು ಅಲ್ಲಿ ಅವನಿಗೆ ಓದುವ ಅನುಕೂಲವನ್ನು ಗೊತ್ತುಮಾಡಿದ್ದಾನೆ. ದಾರಿದ್ರ್ಯದ ಊರನ್ನು ಬಿಟ್ಟು ಹೋಗುವುದೊಂದೇ ಉಳಿದ ಕೆಲಸ. ಅಷ್ಟರಲ್ಲಿ ಗತಿಸಿದ ಅಣ್ಣನ ಹೆಂಡತಿಯ ಮಾತಿನಂತೆ, ಆಸ್ಪತ್ರೆಯಲ್ಲಿರುವ ಅಣ್ಣನ ಮಗಳು ನಾದಿಯಾಳನ್ನು ನೋಡಲು ಸೇಬಿನ ಹಣ್ಣುಗಳನ್ನು ಕೊಂಡು ಹೋಗುತ್ತಾನೆ. ಹುಡುಗಿಗೆ ಹದಿಮೂರು ವರ್ಷ. ಅವಳನ್ನು ನಗಿಸಬೇಕೆಂದು, ‘ನೀನು ಕೇಳಿದ ಕೆಂಪು ಷರಾಯಿಯನ್ನು ತಂದಿದ್ದೇನೆ’ ಎಂದು ಸುಳ್ಳು ಹೇಳುತ್ತಾನೆ. ಅವಳು ಮಾತನಾಡದೆ ಹೊದಿಕೆಯನ್ನು ಎತ್ತಿ ತೋರಿಸುತ್ತಾಳೆ. ಒಂದು ಕಾಲು ತೊಡೆಯ ಬುಡದಿಂದಲೇ ಇಲ್ಲ. ಗುಂಡುಗಳು ಬೀಳುತ್ತಿದ್ದಾಗ ಓಡಿ ಉಳಿದುಕೊಳ್ಳಬಹುದಾಗಿದ್ದವಳು, ತಮ್ಮತಂಗಿಯರ ಮೇಲೆ ಬಿದ್ದು ಅವರನ್ನು ಕಾಪಾಡಿದ್ದಳು. ತರುಣನು ಅಮೆರಿಕೆಯ ಪ್ರಯಾಣವನ್ನು ಬಿಡುತ್ತಾನೆ. ಪತ್ರವು ಆ ಸ್ನೇಹಿತನಿಗೆ ಬರೆದುದು.

ಇಲ್ಲಿ ರಸವನ್ನು ಹೊತ್ತು ನಿಂತಿರುವುದು ಯಾವುದು? ಕತ್ತರಿಸಿದ ಕಾಲೆಂದು ಮೇಲುನೋಟಕ್ಕೆ ತೋರೀತು. ಆದರೆ ಕಾಲಿನ ಮಾತನ್ನು ಮಾತ್ರ ಹೇಳಿದ್ದರೆ ಅದು ಸುದ್ದಿಯಾಗುತ್ತಿತ್ತು. ಅದನ್ನು ಕಾವ್ಯವಾಗಿಸಿದುದು ತರದೇ ಇದ್ದ ಆ ಕೆಂಪು ಷರಾಯಿ. ಹುಡುಗಿಯ ಆಸೆ, ಚಿಕ್ಕಪ್ಪನ ಹುಸಿ, ಆ ಹುಸಿ ತಿಳಿಯದೆ ಮಾಡಿದ ಗಾಯ, ಇನ್ನೆಂದೂ ಆಗದ ನಡಿಗೆ, ಇವೆಲ್ಲವೂ ಆ ಒಂದು ಬಟ್ಟೆಯಲ್ಲಿ ಧ್ವನಿಸುತ್ತವೆ. ವಾಲ್ಮೀಕಿಗೆ ಶೋಕವು ಹುಟ್ಟಿದುದು ಲೋಕದ ಹಕ್ಕಿಗಳೆಲ್ಲವನ್ನೂ ನೆನೆದಲ್ಲ. ತಮಸಾತೀರದಲ್ಲಿ ಒಂದು ಜೋಡಿ, ಒಂದು ಬಾಣ, ಅಷ್ಟೆ. ಭಟ್ಟನಾಯಕನು ಹೇಳಿದ ಸಾಧಾರಣೀಕರಣವು ವಿಶೇಷವನ್ನು ಅಳಿಸಿಬಿಟ್ಟು ಆಗತಕ್ಕದ್ದಲ್ಲ, ವಿಶೇಷದ ಬಾಗಿಲಿನಿಂದಲೇ ಒಳಹೊಕ್ಕು ಆಗತಕ್ಕದ್ದು. ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ ಹುಟ್ಟಿದ ಕೆ. ಎಸ್. ನರಸಿಂಹಸ್ವಾಮಿಗಳ ‘ಮೈಸೂರು ಮಲ್ಲಿಗೆ’ಯನ್ನು 1942ರಿಂದಲೂ ಮನೆಮನೆಯಲ್ಲಿ ಹಾಡಿಕೊಂಡು ಬಂದಿರುವ ವಾಚಕರಿಗೆ ಇದನ್ನು ವಿಸ್ತರಿಸಬೇಕಾಗಿಲ್ಲ. ಬಾಗಿಲಿಗೆ ಬಂದ ಬಳೆಗಾರನೊಬ್ಬನು ಒಂದು ದಾಂಪತ್ಯವನ್ನೆಲ್ಲ ಹೊತ್ತು ತರಬಲ್ಲನೆಂದು ಅವರು ಬಲ್ಲರು. ಸಂತೋಷಕ್ಕೆ ಬಳೆ ಹೇಗೋ ಶೋಕಕ್ಕೆ ಷರಾಯಿ ಹಾಗೆ.

ಕಥೆಯಲ್ಲಿ ದೋಷವಿಲ್ಲವೆಂದಲ್ಲ. ಆಸ್ಪತ್ರೆಯಿಂದ ಹೊರಬಂದ ಮೇಲೆ ಪತ್ರದ ಧ್ವನಿ ಏರುತ್ತದೆ. ನಾದಿಯಾಳ ಕಾಲಿನಿಂದ ಕಲಿಯತಕ್ಕ ಪಾಠವೇನೆಂಬುದನ್ನು ತರುಣನು ಬಾಯಿಬಿಟ್ಟು ಹೇಳುತ್ತಾನೆ, ಮಿತ್ರನನ್ನು ಹಿಂದಿರುಗೆಂದು ಕೂಗಿ ಕರೆಯುತ್ತಾನೆ. ಮಮ್ಮಟನು ರಸದೋಷಗಳನ್ನು ಎಣಿಸುವಾಗ ಮೊದಲು ಹೇಳುವುದೇ ಸ್ವಶಬ್ದವಾಚ್ಯತೆಯನ್ನು. ಹೊದಿಕೆ ಎತ್ತಿದ ಆ ಮೌನದ ಮುಂದೆ ಈ ಕೊನೆಯ ಕರೆ ಒಂದು ಮೆಟ್ಟಿಲು ಕೆಳಗೇ ನಿಲ್ಲುತ್ತದೆ. ಆದರೂ ಒಂದು ಮಾತನ್ನು ಒಪ್ಪಬೇಕು. ತರುಣನು ಅತ್ತು ಸುಮ್ಮನಾಗುವುದಿಲ್ಲ. ಅವನ ಹೆಜ್ಜೆಯ ದಿಕ್ಕೇ ಬದಲಾಗುತ್ತದೆ. ಆ ಪದ್ಯಗಳ ಕಂಬನಿಯಲ್ಲಿ ಇಲ್ಲದುದು ಇದೇ.

ಇಲ್ಲಿ ಆಕ್ಷೇಪವೊಂದು ಏಳುವುದು ನ್ಯಾಯ. ಕನಫಾನಿಯು ಮುಂದೆ ಶಸ್ತ್ರ ಹಿಡಿದ ಪಕ್ಷವೊಂದಕ್ಕೆ ವಕ್ತಾರನಾದನು. 1972ರ ಜುಲೈ 8ರಂದು ಬೇರೂತಿನಲ್ಲಿ ಕಾರಿಗೆ ಇಟ್ಟ ಸ್ಫೋಟಕದಿಂದ ಸತ್ತನು. ಜೊತೆಯಲ್ಲಿದ್ದ ಸೋದರಸೊಸೆ, ಇನ್ನೂ ಎಳೆಯ ಹುಡುಗಿ, ಅವಳೂ ಸತ್ತಳು. ಇಂತಹವನ ಕರುಣೆ ತನ್ನ ಕಡೆಯ ಮಕ್ಕಳಿಗಷ್ಟೇ ಮೀಸಲಾದುದಲ್ಲವೆ ಎಂದು ಕೇಳಬಹುದು. ಪಕ್ಷದ ಕೃತ್ಯಗಳಿಗೆ ಸಾಹಿತ್ಯವು ಹೊಣೆಯಾಗಿ ನಿಲ್ಲಲಾರದು, ನಿಲ್ಲಲೂ ಬಾರದು. ಆದರೆ ಕೃತಿಯ ಸಾಕ್ಷ್ಯವನ್ನು ಕೃತಿಯಿಂದಲೇ ಕೇಳಬೇಕಾಗುತ್ತದೆ. 1969ರ ‘ಹೈಫಾಕ್ಕೆ ಮರಳಿ’ ಎಂಬ ಆತನ ಕಾದಂಬರಿಯಲ್ಲಿ ಮಿರಿಯಮ್ ಎಂಬ ಯಹೂದಿ ಹೆಂಗಸಿದ್ದಾಳೆ. ಅವಳ ಎಳೆಯ ತಮ್ಮನನ್ನು ಜರ್ಮನ್ ಸೈನಿಕರು ಕೊಂದಿದ್ದರು. ಹೈಫಾದಲ್ಲಿ ಸತ್ತ ಅರಬ ಮಗುವೊಂದನ್ನು ತನ್ನ ಕಡೆಯ ತರುಣರು ಲಾರಿಗೆ ಎಸೆಯುವುದನ್ನು ಕಂಡು ಅವಳಿಗೆ ತಮ್ಮನ ನೆನಪಾಗುತ್ತದೆ. ಎದುರು ಪಕ್ಷದ ಹೆಂಗಸಿನ ಎದೆಯಲ್ಲಿ ಈ ಕಣ್ಣೀರನ್ನು ಇಟ್ಟವನು ಕನಫಾನಿಯೇ.

ಕನ್ನಡಕ್ಕೆ ಈ ಧರ್ಮ ಹೊಸದಲ್ಲ. ರನ್ನನ ದುರ್ಯೋಧನನು ರಣಾಂಗಣದಲ್ಲಿ ನಡೆಯುತ್ತ, ಶತ್ರುವಿನ ಮಗನಾದ ಅಭಿಮನ್ಯುವಿನ ಕಳೇಬರದ ಮುಂದೆ ನಿಂತು ಅವನನ್ನು ಕೊಂಡಾಡುತ್ತಾನೆ. ಪಾರಸಿಕರೊಡನೆ ತಾನೇ ಯುದ್ಧಮಾಡಿದ್ದ ಗ್ರೀಕ್ ಕವಿ ಈಸ್ಕಿಲಸನು ಸೋತ ಪಾರಸಿಕರ ಗೋಳನ್ನೇ ನಾಟಕವಾಗಿಸಿದನು; ಅದನ್ನು 1935ರಲ್ಲಿ ‘ಪಾರಸಿಕರು’ ಎಂದು ಕನ್ನಡಕ್ಕೆ ತಂದವರು, ನಾಗಮಂಗಲ ತಾಲ್ಲೂಕಿನ ಬೆಳ್ಳೂರನ್ನು ಹೆಸರಿನ ಮೊದಲಿಗೇ ಹೊತ್ತ ಬಿ. ಎಂ. ಶ್ರೀಕಂಠಯ್ಯನವರು. ಇನ್ನು ಹೈಫಾ ಎಂಬ ಹೆಸರೂ ಈ ಸೀಮೆಗೆ ಅಪರಿಚಿತವಲ್ಲ. 1918ರ ಸೆಪ್ಟೆಂಬರ್ 23ರಂದು ಆ ಪಟ್ಟಣವನ್ನು ತುರ್ಕರಿಂದ ಗೆದ್ದ ಅಶ್ವದಳಗಳಲ್ಲಿ ಜೋಧಪುರದ ದಳದೊಡನೆ ಮೈಸೂರು ಸಂಸ್ಥಾನದ ಲ್ಯಾನ್ಸರ್ ದಳವೂ ಇತ್ತು. ಕುದುರೆಗಳು ಮುಟ್ಟಿದ ಊರನ್ನು ಕರುಣೆ ಮುಟ್ಟಲಾರದೆ?

ಇನ್ನು ಶಾಲೆಯ ಮಾತು. ಕನಫಾನಿಯು ಹೇಳಿಕೊಂಡ ಪ್ರಸಂಗವೊಂದುಂಟು. ಪಠ್ಯಕ್ರಮದಂತೆ ನಿರಾಶ್ರಿತ ಮಕ್ಕಳಿಂದ ಸೇಬನ್ನೂ ಬಾಳೆಯ ಹಣ್ಣನ್ನೂ ಬರೆಯಿಸುತ್ತಿದ್ದ ಆತನಿಗೆ, ಈ ಚಿತ್ರಗಳಿಗೂ ಮಕ್ಕಳ ಬಾಳಿಗೂ ಸಂಬಂಧವೇ ಇಲ್ಲವೆಂದು ಹೊಳೆಯಿತು. ಹಲಗೆಯನ್ನು ಒರೆಸಿ, ಅವರು ವಾಸಿಸುವ ಶಿಬಿರವನ್ನೇ ಬರೆಯಿರೆಂದನು. ತನಿಖೆಗೆ ಬಂದ ಅಧಿಕಾರಿ ಇದನ್ನು ಮೆಚ್ಚಲಿಲ್ಲ. ಷರಾಯಿಯ ಕಥೆಯನ್ನು ಬರೆದ ಕೈಯೂ ಆ ಹಲಗೆಯನ್ನು ಒರೆಸಿದ ಕೈಯೂ ಒಂದೇ. ಮಗುವನ್ನು ಕುರಿತು ಬರೆಯುವವನಿಗೆ ಮೊದಲು ಕಾಣಬೇಕಾದುದು ಮಗು ಎಲ್ಲಿ ಕುಳಿತಿದೆ, ಯಾವ ದಾರಿಯಲ್ಲಿ ಬಂದಿತು ಎಂಬುದು.

ಆ ದಾರಿಯ ಕಷ್ಟವನ್ನು ಪ್ಯಾಲೆಸ್ಟೈನಿನ ಮಕ್ಕಳು ಬಲ್ಲರು. ಹೆಬ್ರಾನಿನ ದಕ್ಷಿಣದ ಗುಡ್ಡಗಳಲ್ಲಿ ತೂಬಾ ಎಂಬ ಹಳ್ಳಿಯ ಮಕ್ಕಳು ತುವಾನಿಯ ಶಾಲೆಗೆ ಹೋಗುವ ಹಾದಿಯಲ್ಲಿ ವಲಸೆಗಾರರ ಪೆಟ್ಟು ತಿನ್ನುತ್ತಿದ್ದರು. 2004ರಲ್ಲಿ ಪರದೇಶದ ಸ್ವಯಂಸೇವಕರು ಕೆಲವರು ಮಕ್ಕಳ ಜೊತೆ ನಡೆಯತೊಡಗಿದರು. ಅವರಿಗೂ ಪೆಟ್ಟು ಬಿದ್ದಿತು. ಕೊನೆಗೆ ಇಸ್ರೇಲಿನ ಸೈನಿಕರೇ ಮಕ್ಕಳಿಗೆ ಕಾವಲಾಗಿ ಹೋಗಬೇಕೆಂದು ಗೊತ್ತಾಯಿತು. 2023ರ ಅಕ್ಟೋಬರ್ 7ರಂದು ಹಮಾಸ್ ಪಡೆಯವರು ಇಸ್ರೇಲಿನೊಳಕ್ಕೆ ನುಗ್ಗಿ ಸುಮಾರು 1,200 ಮಂದಿಯನ್ನು ಕೊಂದರು. ಅವರಲ್ಲಿ ಮಕ್ಕಳೂ ಇದ್ದರು. ಬಳಿಕ ಗಾಜಾದಲ್ಲಿ ನಡೆದ ಯುದ್ಧದಲ್ಲಿ ಹತ್ತು ಸಾವಿರಕ್ಕೂ ಮೇಲ್ಪಟ್ಟು ಮಕ್ಕಳು ಸತ್ತರು; ಆರು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಶಾಲೆ ತಪ್ಪಿತು; ನಿಂತಿದ್ದ ಶಾಲೆಗಳು ನಿರಾಶ್ರಿತರ ಬಿಡಾರಗಳಾದುವು. ಈ ಸಂಖ್ಯೆಗಳು ಸತ್ಯ. ಆದರೆ ಒಬ್ಬ ನಾದಿಯಾ ಇಲ್ಲದೆ ಇವು ಎದೆಯಲ್ಲಿ ನಿಲ್ಲುವುದು ಕಷ್ಟ.

ನಿಲ್ಲಿಸಿಕೊಳ್ಳುವ ಶಕ್ತಿ ಈ ಜಿಲ್ಲೆಯ ಮನೆಗಳಿಗೆ ಇಲ್ಲದಿಲ್ಲ. 2018ರ ನವೆಂಬರ್ 24, ಶನಿವಾರ, ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಸತ್ತರು. ಅರ್ಧದಿನದ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅವರಲ್ಲಿ ಇದ್ದರು. ಅಲ್ಲಿ ಶತ್ರುವಿರಲಿಲ್ಲ, ಯುದ್ಧವಿರಲಿಲ್ಲ. ಗದ್ದೆಗೆ ಅನ್ನ ಕೊಡುವ ನೀರೇ ಇತ್ತು. ಎರಡು ದುಃಖಗಳಿಗೂ ಕಾರಣ ಬೇರೆ. ಅವನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು. ಆದರೆ ಮಧ್ಯಾಹ್ನಕ್ಕೆ ಬರಬೇಕಾದ ಮಗು ಬಾರದೆ ಬಾಗಿಲಲ್ಲಿ ನಿಂತ ತಾಯಿಗೆ ಗಾಜಾದ ಕಥೆಯನ್ನು ಯಾವ ವ್ಯಾಖ್ಯಾನಕಾರನೂ ಬಿಡಿಸಿ ಹೇಳಬೇಕಾಗಿಲ್ಲ. ಅವಳೇ ಸಹೃದಯಳು.

ಹೀಗಿರಲು, ಪ್ಯಾಲೆಸ್ಟೈನಿನವರಿಗೆ ಈ ನಾಡು ತೋರುವ ಬಾಂಧವ್ಯವು ಪದ್ಯದಲ್ಲಿ ಮೊದಲಾದರೂ ಪದ್ಯದಲ್ಲಿಯೇ ಮುಗಿಯತಕ್ಕದ್ದಲ್ಲ. 2024ರ ಸೆಪ್ಟೆಂಬರಿನಲ್ಲಿ ಗಣಪತಿಯ ಮೆರವಣಿಗೆಯ ಗಲಭೆಯಲ್ಲಿ ನಾಗಮಂಗಲದ ಅಂಗಡಿಗಳು ಉರಿದುವು. ಅಂದು ನೆರೆಯವನ ಮಗು ಯಾವ ಭಯದಲ್ಲಿ ಶಾಲೆಯ ಚೀಲವನ್ನು ಎತ್ತಿಕೊಂಡಿತೆಂಬುದನ್ನು ಕೇಳದವನು, ಗಾಜಾದ ಮಗುವಿಗಾಗಿ ಸುರಿಸುವ ಕಂಬನಿ ಹೋಮನ ಚಿತ್ರದ ಬಣ್ಣಕ್ಕೆ ಸಮಾನ. ಹಾಗೆಯೇ, ನೆರೆಯನ್ನು ನೋಡಿಕೊಂಡರೆ ಸಾಕು, ದೂರದ ಮಾತು ಏಕೆ ಎನ್ನುವವನು ಕುದುರೆಗಳು ಹೋದ ದಾರಿಯನ್ನು ಮರೆತವನು. ಕನಫಾನಿಯ ಕಥೆಯನ್ನು ಶಾಲೆಯಲ್ಲಿ ಓದಿಸಲಿ. ಓದಿಸಿದ ಮೇಲೆ ಮಕ್ಕಳಿಂದ ಅವರವರ ಶಾಲೆಯ ದಾರಿಯನ್ನು ಬರೆಯಿಸಲಿ. ಆ ಚಿತ್ರಗಳಲ್ಲಿ ನಾಲೆಯ ಏರಿ ಬರುತ್ತದೆ, ಹೆದ್ದಾರಿ ಬರುತ್ತದೆ, ಹೆದರಿಕೆಯ ತಿರುವೊಂದು ಬರುತ್ತದೆ. ಅವನ್ನು ನೋಡಿ, ಮರುದಿನ ಬೆಳಗ್ಗೆ ಆ ತಿರುವಿನವರೆಗೆ ಮಗುವಿನ ಜೊತೆ ನಡೆದು ಹೋಗುವ ಹಿರಿಯನೊಬ್ಬನು ಹೊರಟರೆ, ಕಥೆಗೆ ಅದಕ್ಕಿಂತ ಮಿಗಿಲಾದ ವಿಮರ್ಶೆ ಇರಲಾರದು.